ಮುಚ್ಚಳ ಮುಚ್ಚುವುದು ಎಲ್ಲಿ?

ನನ್ನ ದೂರನ್ನೆಲ್ಲ ಕೇಳಿಸಿಕೊಂಡ ಮೇಲೆ ಹುಬ್ಬಳ್ಳಿಯ ಆ ಬಾಟಲಿ ಅಂಗಡಿಯ ಯಜಮಾನರು ಕನ್ನಡಕ ಹಣೆಗೇರಿಸಿ, "ಅಕ್ಕಾರ, ನಿಮ್ಮ ಚೀಲದಾಗ ಕಾಡಿಗಿ ಡಬ್ಬಿ ಐತೇನ್ರೀ?" ಎಂದರು.

ನಾನು ಹೋಗಿದ್ದು ಜಗಳಕ್ಕೆ. ಶಿರಸಿಯಿಂದ ಬೆಳಗಿನ ಬಸ್ಸು ಹಿಡಿದು, ತೊಡೆಯ ಮೇಲೆ ನಾಲ್ಕು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಇಟ್ಟುಕೊಂಡು ಹೋಗಿದ್ದೆ. ನಾಲ್ಕರ ಮುಚ್ಚಳದ ಒಳಗೂ ಕಪ್ಪು ಕಲೆ. ಬೆಂಗಳೂರಿನ ಗಿರಾಕಿಯೊಬ್ಬರು ಫೋಟೋ ಕಳಿಸಿ, "ಇದನ್ನು ತಿನ್ನಬಹುದಾ?" ಎಂದು ಕೇಳಿದ್ದರು. ಗೃಹೋದ್ಯಮ ಶುರು ಮಾಡಿ ಆಗಿನ್ನೂ ಒಂದು ವರ್ಷ. ಅಂಥ ಪ್ರಶ್ನೆ ಕೇಳಿದರೆ ಊಟ ಸೇರುವುದಿಲ್ಲ.

ಮಗಳ ಕೂಸಿಗೆಂದು ಕೊಂಡ ಕಾಡಿಗೆ ಚೀಲದಲ್ಲಿತ್ತು. ಯಜಮಾನರು ನನ್ನದೇ ಒಂದು ಬಾಟಲಿ ಖಾಲಿ ಮಾಡಿಸಿ, ತೊಳೆದು ಒರೆಸಿ, ಬಾಯಿಯ ಅಂಚಿಗೆ ಬೆರಳಿನಿಂದ ಕಾಡಿಗೆಯನ್ನು ತೆಳ್ಳಗೆ ಸವರಿದರು. ಹೊಸ ಮುಚ್ಚಳವೊಂದನ್ನು ಬಿಗಿಯಾಗಿ ತಿರುಗಿಸಿ ಹಾಕಿದರು, ತೆಗೆದರು, ಬೋರಲು ಮಾಡಿ ತೋರಿಸಿದರು. ಮುಚ್ಚಳದೊಳಗಿನ ಬಿಳಿ ಮೆತ್ತೆಯ ಮೇಲೆ ಕಪ್ಪು ಉಂಗುರ ಮೂಡಿತ್ತು. ಒಂದು ಕಡೆ ಮಾತ್ರ, ಅಕ್ಕಿಕಾಳಿನಷ್ಟು ಜಾಗದಲ್ಲಿ, ಉಂಗುರ ಕಡಿದಿತ್ತು. ಬಾಟಲಿಯ ಅಂಚಿನ ಆ ಜಾಗಕ್ಕೆ ಉಗುರು ತಾಗಿಸಿದೆ. ಸಣ್ಣದೊಂದು ತಗ್ಗು.

"ನಿಮ್ಮ ಉಪ್ಪುನೀರು ಏರಿದ್ದು ಇಲ್ಲಿಂದರೀ. ನೀವು ಸುಮ್ಮನ ಥ್ರೆಡ್ಡಿಗೆ ಬೈಯಾಕತ್ತೀರಿ."

ಬೈದದ್ದು ನಿಜ. ಮುಚ್ಚಳ ಸೋರುವುದು ಥ್ರೆಡ್ ಸವೆದಾಗ, ಬಿಗಿ ಸಾಲದಾದಾಗ ಎಂದೇ ನಾನು ತಿಳಿದಿದ್ದೆ. ಸೋರಿದ ಹಾಗೆಲ್ಲ ಇನ್ನೂ ಬಲವಾಗಿ ತಿರುಗಿಸುತ್ತಿದ್ದೆ. ಅಂಗೈ ಕೆಂಪಾಗುತ್ತಿತ್ತೇ ಹೊರತು ಸೋರುವುದು ನಿಲ್ಲುತ್ತಿರಲಿಲ್ಲ. ತಿರುಪಿನ ಮುಚ್ಚಳದ ಮೂಲಪಾಠ ನನಗೆ ತಿಳಿದದ್ದು ಆ ದಿನ: ಥ್ರೆಡ್ ಮುಚ್ಚುವುದಿಲ್ಲ, ಬರೀ ಎಳೆಯುತ್ತದೆ. ಮುಚ್ಚುವುದು ಬಾಟಲಿಯ ಅಂಚು ಮತ್ತು ಮುಚ್ಚಳದ ಮೆತ್ತೆ ಕೂಡುವ ಆ ಒಂದು ಉಂಗುರ. ಥ್ರೆಡ್ಡಿನ ಸುತ್ತುಗಳ ನಡುವೆ ಯಾವಾಗಲೂ ಸಂದು ಇದ್ದೇ ಇರುತ್ತದೆ. ಇರಲೇಬೇಕು, ಇಲ್ಲದಿದ್ದರೆ ಮುಚ್ಚಳ ತಿರುಗುವುದೇ ಇಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಅಚ್ಚರಿಪಡಲಿಲ್ಲ. ಅವರ ಭರಣಿಗೆ ಥ್ರೆಡ್ಡೇ ಇಲ್ಲವಲ್ಲ! ಮಿಡಿಯ ಮೇಲೆ ಎಣ್ಣೆ ನಿಲ್ಲಿಸಿ, ಪಿಂಗಾಣಿ ಮುಚ್ಚಳ ಇಟ್ಟು, ಮೇಲೆ ಒಗೆದ ಬಿಳಿ ಬಟ್ಟೆ ಹೊದಿಸಿ, ಕೊರಳಿಗೆ ದಾರ ಬಿಗಿದು ಕಟ್ಟುತ್ತಾರೆ. ಬಟ್ಟೆ ಮೆತ್ತೆಯ ಕೆಲಸ ಮಾಡುತ್ತದೆ, ದಾರ ಎಳೆಯುವ ಕೆಲಸ ಮಾಡುತ್ತದೆ, ಗಾಳಿಯನ್ನು ನಿಜವಾಗಿ ತಡೆಯುವುದು ಎಣ್ಣೆ. ಆದರೆ ಭರಣಿಯನ್ನು ಬೆಂಗಳೂರಿಗೆ ಬಸ್ಸಿನಲ್ಲಿ ಕಳಿಸಲಾಗದು. ಅಡ್ಡ ಬಿದ್ದರೂ ಸೋರಬಾರದು ಎಂದಾಗ ಮಾತ್ರ ತಿರುಪು ಬೇಕಾಗುತ್ತದೆ.

ಹಾಗಾದರೆ ತಿರುಪು ಮಾಡುವುದೇನು? ದೇವಿಮನೆ ಘಟ್ಟ ಹತ್ತಿದವರಿಗೆ ಸುಲಭವಾಗಿ ಅರ್ಥವಾದೀತು. ನೆಟ್ಟಗೆ ಹತ್ತಿದರೆ ಎದೆ ಬಿರಿಯುವ ಏರನ್ನು ರಸ್ತೆ ಸುತ್ತಿ ಸುತ್ತಿ ಹಗುರ ಮಾಡುತ್ತದೆ. ಥ್ರೆಡ್ ಎಂದರೆ ಗಾಜಿನ ಕೊರಳಿಗೆ ಸುತ್ತಿದ ಘಟ್ಟದ ದಾರಿ. 38 ಮಿಲಿಮೀಟರ್ ಬಾಯಿಯ ಬಾಟಲಿಯಲ್ಲಿ ಒಂದು ಪೂರ್ತಿ ಸುತ್ತು ಎಂದರೆ ಸುಮಾರು 120 ಮಿಲಿಮೀಟರ್ ದಾರಿ. ಅಷ್ಟು ದೂರಕ್ಕೆ ಮುಚ್ಚಳ ಕೆಳಗಿಳಿಯುವುದು ಸುಮಾರು 4 ಮಿಲಿಮೀಟರ್ ಮಾತ್ರ. ಹಾಗಾಗಿ ಕೈಯ ಸಣ್ಣ ಬಲ ಅಂಚಿನ ಮೇಲೆ ದೊಡ್ಡ ಒತ್ತಡವಾಗುತ್ತದೆ. ಇಳಿಜಾರು ಇಷ್ಟು ಕಡಿಮೆ ಇರುವುದರಿಂದಲೇ ಘರ್ಷಣೆ ಮುಚ್ಚಳವನ್ನು ಹಿಡಿದಿಡುತ್ತದೆ. ಕೈ ಬಿಟ್ಟರೆ ತಾನಾಗಿ ಹಿಂದೆ ತಿರುಗುವುದಿಲ್ಲ.

ಇಷ್ಟು ಸರಳ ಸಂಗತಿಗೆ ಒಬ್ಬ ತಗಡು ಕೆಲಸದವನ ತಲೆ ಬೇಕಾಯಿತು. ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್ 26ನೆಯ ವಯಸ್ಸಿನಲ್ಲಿ, 1858ರ ನವೆಂಬರ್ 30ರಂದು, ತಿರುಪು ಕೊರಳಿನ ಬಾಟಲಿಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ತಿರುಪಿನ ಬಾಟಲಿ ಇರಲಿಲ್ಲವೆಂದಲ್ಲ. ಆಗ ಗಾಜನ್ನು ಅಚ್ಚಿನೊಳಗೆ ಊದಿ, ಮೇಲಿನ ಹೆಚ್ಚುವರಿ ಭಾಗ ಮುರಿದು, ಅಂಚನ್ನು ಉಜ್ಜಿ ನಯ ಮಾಡುತ್ತಿದ್ದರು. ಅಂಚು ಎಲ್ಲ ಕಡೆ ಸಮ ಇರುತ್ತಿರಲಿಲ್ಲ. ಅಂಥ ಅಂಚಿನ ಮೇಲೆ ಮುಚ್ಚಳ ಕೂರಿಸುವುದೆಂದರೆ ಕುಂಟು ಮಣೆಯ ಮೇಲೆ ಊಟಕ್ಕೆ ಕೂತ ಹಾಗೆ.

ಮೇಸನ್ ಆ ಅಂಚಿನ ತಂಟೆಗೇ ಹೋಗಲಿಲ್ಲ. ಕೊರಳಿನ ಕೆಳಗೆ ಬಾಟಲಿಯ ಹೆಗಲು ಇದೆಯಲ್ಲ, ಅದು ಅಚ್ಚಿನೊಳಗೇ ಮೂಡುವುದರಿಂದ ಸಮವಾಗಿರುತ್ತದೆ. ಮುಚ್ಚಳದ ಕೆಳತುದಿಯನ್ನು ಆ ಹೆಗಲ ಮೇಲೆ ಕೂರಿಸೋಣ ಎಂದ. ಆದರೆ ಥ್ರೆಡ್ ಹೆಗಲಿನವರೆಗೂ ಇಳಿದರೆ ಅಲ್ಲಿ ಉಬ್ಬು ಬಂದು ಮುಚ್ಚಳ ಓರೆಯಾಗುತ್ತದೆ. ಅದಕ್ಕೆ ಥ್ರೆಡ್ಡನ್ನು ಹೆಗಲು ಮುಟ್ಟುವ ಮೊದಲೇ ಮೆಲ್ಲಗೆ ಮಾಯವಾಗಿಸಿದ. ನಡುವೆ ರಬ್ಬರ್ ಉಂಗುರ, ಮೇಲೆ ಸತುವಿನ ಮುಚ್ಚಳ. ಚಾರ್ಲ್ಸ್ ಗುಡ್‌ಇಯರ್ ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡಿದ ರಬ್ಬರಿಗೆ 1844ರಲ್ಲಿ ಪೇಟೆಂಟ್ ಪಡೆದಿದ್ದ ಕಾರಣ ಅಂಥ ಉಂಗುರ ಸಾಧ್ಯವಿತ್ತು. ಮೇಸನ್ನನ ಬುದ್ಧಿ ಇದ್ದದ್ದು ಥ್ರೆಡ್ ಎಲ್ಲಿ ಇರಬೇಕೆನ್ನುವುದಕ್ಕಿಂತ ಎಲ್ಲಿ ಇರಬಾರದು ಎನ್ನುವುದರಲ್ಲಿ. ನಾಲ್ಕು ಬಾಟಲಿ ಹೊತ್ತು ಹುಬ್ಬಳ್ಳಿಗೆ ಹೋದ ನನಗೆ ಈ ಮನುಷ್ಯನ ಮೇಲೆ ಬಹಳ ಗೌರವ. ಮನೆ ಮನೆಯಲ್ಲಿ ಹೆಸರು ಉಳಿದರೂ ದುಡ್ಡು ಅವನ ಕೈಯಲ್ಲಿ ನಿಲ್ಲಲಿಲ್ಲ. 1902ರಲ್ಲಿ ಬಡತನದಲ್ಲೇ ತೀರಿಕೊಂಡ. ಪೇಟೆಂಟಿನ ಅವಧಿ ಮುಗಿದ ಮೇಲೂ ಎಷ್ಟೋ ಕಂಪನಿಗಳು ಅವನ ಪೇಟೆಂಟಿನ ತಾರೀಖನ್ನೇ ಗಾಜಿನ ಮೇಲೆ ಉಬ್ಬಿಸಿ ಬಾಟಲಿ ಮಾರಿದವು.

ನನ್ನ ಕಪ್ಪು ಕಲೆಯ ಕಥೆ ಅವರಿಗೂ ಇತ್ತು. ಹುಳಿ ಹಣ್ಣಿನ ರಸ ಸತುವಿಗೆ ತಾಗಿ ರುಚಿ ಕೆಡುತ್ತಿತ್ತು. 1869ರಲ್ಲಿ ಲೂಯಿಸ್ ಬಾಯ್ಡ್ ಎಂಬಾತ ಸತುವಿನ ಮುಚ್ಚಳದೊಳಗೆ ಹಾಲುಬಣ್ಣದ ಗಾಜಿನ ಬಿಲ್ಲೆ ಕೂರಿಸಿದ. ಲೋಹಕ್ಕೆ ಆಹಾರ ತಾಗದಂತೆ ನಡುವೆ ಒಂದು ಪರದೆ. ಇವತ್ತು ತಗಡಿನ ಮುಚ್ಚಳದ ಒಳಮೈಗೆ ಹಚ್ಚುವ ಲ್ಯಾಕರ್ ಲೇಪ ಮಾಡುವುದೂ ಅದೇ ಕೆಲಸ. ನಾನು ಕೊಂಡ ಅಗ್ಗದ ಮುಚ್ಚಳಗಳಲ್ಲಿ ಲೇಪ ತೆಳ್ಳಗಿತ್ತು. ತಗಡಿನ ಕತ್ತರಿಸಿದ ತುದಿಯನ್ನು ಒಳಕ್ಕೆ ಮಡಚಿಯೂ ಇರಲಿಲ್ಲ. ತಗ್ಗಿನಿಂದ ಏರಿದ ಉಪ್ಪುನೀರು ಗೀರಿದ ಕಡೆಯೆಲ್ಲ ತುಕ್ಕು ತಂದಿತು. ಮಿಡಿಯ ಒಗರು ಆ ಕಬ್ಬಿಣಕ್ಕೆ ಸೇರಿ ಕಪ್ಪಾಯಿತು. ಹಿಂದಿನವರು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಉಪ್ಪಿನಕಾಯಿ ಬಾಟಲಿಯೊಳಗೆ ನಾನು ನನಗೇ ತಿಳಿಯದೆ ಶಾಯಿ ತಯಾರಿಸಿದ್ದೆ.

ಥ್ರೆಡ್ ಮುಚ್ಚುವುದಿಲ್ಲ ಎಂಬುದಕ್ಕೆ ಕಾಡಿಗೆಯ ಉಂಗುರಕ್ಕಿಂತ ಚೆನ್ನಾದ ಸಾಕ್ಷಿ ಬೇಕೆಂದರೆ ಅಲೆಕ್ಸಾಂಡರ್ ಕೆರ್ 1915ರಲ್ಲಿ ತಂದ ಮುಚ್ಚಳ ನೋಡಬೇಕು. ಅದು ಎರಡು ತುಂಡು. ಅಂಚಿಗೆ ರಬ್ಬರಿನಂಥ ಮೆತ್ತೆ ಇರುವ ಚಪ್ಪಟೆ ತಗಡಿನ ಬಿಲ್ಲೆ ಒಂದು, ಥ್ರೆಡ್ ಇರುವ ಬಳೆ ಒಂದು. ಬಿಲ್ಲೆ ಇಟ್ಟು, ಬಳೆಯನ್ನು ಬೆರಳ ತುದಿಯಿಂದ ಹಗುರಾಗಿ ತಿರುಗಿಸಿ, ಬಾಟಲಿಯನ್ನು ಕುದಿಸುತ್ತಾರೆ. ಒಳಗಿನ ಗಾಳಿ ಬಿಲ್ಲೆಯನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಆರುವಾಗ ಒಳಗೆ ನಿರ್ವಾತ ಉಂಟಾಗಿ, ಹೊರಗಿನ ವಾಯುಭಾರವೇ ಬಿಲ್ಲೆಯನ್ನು ಅದುಮಿ ಹಿಡಿಯುತ್ತದೆ. ಅಮೆರಿಕದ ಮನೆಗಳಲ್ಲಿ ಹಣ್ಣು ತರಕಾರಿ ಹೀಗೆ ಕೂಡಿಡುವವರು ಮಾರನೆಯ ದಿನ ಬಳೆಯನ್ನು ಬಿಚ್ಚಿ ತೆಗೆದೇ ಬಾಟಲಿಗಳನ್ನು ಕಪಾಟಿಗೆ ಏರಿಸುತ್ತಾರೆ. ಥ್ರೆಡ್ ಗೂಟದಲ್ಲಿ ನೇತಾಡುತ್ತಿರುತ್ತದೆ, ಬಾಟಲಿ ಭದ್ರವಾಗಿ ಮುಚ್ಚಿರುತ್ತದೆ!

ನಾನು ಈಗ ಜಾಮಿಗೆ ಬಳಸುವುದು ಅಂಗಡಿಯವರು ಲಗ್ ಕ್ಯಾಪ್ ಎನ್ನುವ 63 ಎಂ.ಎಂ. ಮುಚ್ಚಳ. ಅದನ್ನು ಬೋರಲು ಮಾಡಿ ನೋಡಿ. ಥ್ರೆಡ್ ಇರುವುದೇ ಇಲ್ಲ. ಅಂಚಿನ ಮಡಿಕೆಯಲ್ಲಿ ಅಲ್ಲಲ್ಲಿ ಒಳಕ್ಕೆ ಬಾಗಿದ ಸಣ್ಣ ಹಲ್ಲುಗಳಿರುತ್ತವೆ. ಸಣ್ಣ ಮುಚ್ಚಳದಲ್ಲಿ ನಾಲ್ಕು, ದೊಡ್ಡದರಲ್ಲಿ ಆರು. ಬಾಟಲಿಯ ಕೊರಳಿನಲ್ಲೂ ಒಂದು ಉದ್ದನೆಯ ಸುತ್ತಿನ ಬದಲು ಅಷ್ಟೇ ಸಂಖ್ಯೆಯ ತುಂಡು ತುಂಡು ಏರುಗಳು. ಕಾಲು ಸುತ್ತು ತಿರುಗಿಸಿದರೆ ಹಲ್ಲುಗಳು ಏರಿನ ಕೆಳಗೆ ಸಿಕ್ಕಿಕೊಂಡು ಮುಚ್ಚಳವನ್ನು ಎಲ್ಲ ಕಡೆಯಿಂದ ಒಟ್ಟಿಗೆ ಕೆಳಗೆಳೆಯುತ್ತವೆ. ಮೆತ್ತೆ ಪ್ಲಾಸ್ಟಿಸಾಲ್ ಎಂಬ ಪ್ಲಾಸ್ಟಿಕ್ ಲೇಪದ್ದು. ಬಿಸಿಗೆ ಮೆದುವಾಗಿ, ಗಾಜಿನ ಅಂಚಿನ ಗುರುತನ್ನು ತನ್ನ ಮೇಲೆ ಒತ್ತಿಸಿಕೊಂಡು, ಆರಿದಾಗ ಹಾಗೆಯೇ ನಿಲ್ಲುತ್ತದೆ.

ಬನವಾಸಿ ಕಡೆಯ ಅನಾನಸಿನ ಜಾಮನ್ನು 85 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ತುಂಬಿ ಮುಚ್ಚುತ್ತೇನೆ. ಮುಚ್ಚಳದ ಕೆಳಗಿನ ಜಾಗದಲ್ಲಿ ಆವಿ ತುಂಬಿಕೊಳ್ಳುತ್ತದೆ, ಆರಿದಾಗ ಅದು ನೀರಾಗಿ ಇಳಿಯುತ್ತದೆ, ಜಾಗ ಖಾಲಿಯಾಗುತ್ತದೆ. ಸಂಜೆ ಅಡುಗೆಮನೆಯಲ್ಲಿ ಒಂದಾದ ಮೇಲೊಂದು "ಟಕ್, ಟಕ್" ಸದ್ದು. ಮುಚ್ಚಳದ ನಡುವಿನ ಉಬ್ಬು ಒಳಕ್ಕೆ ಕುಸಿಯುವ ಸದ್ದು ಅದು. ನಾನು ಎಣಿಸುತ್ತಿರುತ್ತೇನೆ. 40 ಬಾಟಲಿ ಇಟ್ಟು 39 ಸದ್ದು ಕೇಳಿದರೆ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡುತ್ತೇನೆ. ಒತ್ತಿದಾಗ ಟಕಟಕ ಎಂದರೆ ಅದು ಸರಿಯಾಗಿ ಮುಚ್ಚಿಕೊಂಡಿಲ್ಲ, ನಮ್ಮ ಮನೆಗೇ ಉಳಿಯುತ್ತದೆ. ಒಳಗಿನ ಒತ್ತಡ ಹೊರಗಿನದರ ಅರ್ಧಕ್ಕೆ ಇಳಿದಿದೆ ಎಂದುಕೊಂಡರೂ 63 ಮಿಲಿಮೀಟರ್ ಅಗಲದ ಮುಚ್ಚಳದ ಮೇಲೆ ಸುಮಾರು 15 ಕೆಜಿ ಭಾರ ಕೂತಂತೆ. ಹೊಸ ಜಾಮ್ ಬಾಟಲಿ ಸುಲಭಕ್ಕೆ ತೆರೆಯದಿರುವುದಕ್ಕೆ ಇದೇ ಕಾರಣ.

ಹಾಗಾಗಿ ತೆರೆಯಲು ಬಾರದಾಗ ಹಲ್ಲು ಕಚ್ಚಿ ತಿರುಗಿಸುವುದರಲ್ಲಿ ಅರ್ಥವಿಲ್ಲ. ಚಮಚದ ಹಿಡಿಯನ್ನು ಮುಚ್ಚಳದ ಅಂಚಿಗೆ ಕೊಟ್ಟು ಸ್ವಲ್ಪ ಮೀಟಿ. "ಸುಸ್" ಎಂದು ಗಾಳಿ ಒಳಗೆ ಹೋದರೆ ಆಯಿತು, ಕೂಸಾದರೂ ತೆರೆದೀತು. ಇಲ್ಲವೇ ಮುಚ್ಚಳದ ಮೇಲೆ ಬಿಸಿನೀರು ಬಿಡಿ. ಉಕ್ಕು ಗಾಜಿಗಿಂತ ಹೆಚ್ಚು ಹಿಗ್ಗುತ್ತದೆ, ಅದೂ ಮೊದಲು ಬಿಸಿಯಾಗುವುದು ಮುಚ್ಚಳವೇ. 50 ಡಿಗ್ರಿ ಏರಿದರೂ ಈ ಅಳತೆಯ ಮುಚ್ಚಳ ಹಿಗ್ಗುವುದು ತಲೆಗೂದಲಿನ ಅರ್ಧ ದಪ್ಪದಷ್ಟು. ಅದರ ಜೊತೆಗೆ ಮೆತ್ತೆ ಮೆದುವಾಗುತ್ತದೆ, ಅಂಚಿಗೆ ಅಂಟಿದ ಸಕ್ಕರೆ ಪಾಕ ಕರಗುತ್ತದೆ.

ನಮ್ಮವರ ಕೆಮ್ಮಿನ ಸಿರಪ್ಪಿನ ಬಾಟಲಿ ಮಾತ್ರ ಬೇರೆ ಜಾತಿ. ಅದರ ಅಲ್ಯೂಮಿನಿಯಂ ಮುಚ್ಚಳ ಕಾರ್ಖಾನೆಗೆ ಬರುವಾಗ ಥ್ರೆಡ್ಡೇ ಇಲ್ಲದ ನುಣುಪು ಟೊಪ್ಪಿ. ಬಾಟಲಿಯ ಮೇಲೆ ಇಟ್ಟು, ಮೇಲಿಂದ ಅದುಮಿ ಹಿಡಿದು, ಸುತ್ತಲೂ ಸಣ್ಣ ಉರುಳೆಗಳನ್ನು ಓಡಿಸುತ್ತಾರೆ. ಗಾಜಿನ ಥ್ರೆಡ್ಡಿನ ಮೇಲೆಯೇ ಮೆದು ಲೋಹ ಒತ್ತಿಕೊಂಡು ಥ್ರೆಡ್ ಮೂಡುತ್ತದೆ. ಇನ್ನೊಂದು ಜೊತೆ ಉರುಳೆ ಕೆಳಗಿನ ಪಟ್ಟಿಯನ್ನು ಕೊರಳಿನ ಉಬ್ಬಿನ ಕೆಳಗೆ ಮಡಚುತ್ತದೆ. ತೆರೆದಾಗ "ಕರಕರ" ಎಂದು ಕಡಿಯುವುದು ಆ ಪಟ್ಟಿಯ ಸಣ್ಣ ಸೇತುವೆಗಳು. ಒಮ್ಮೆ ಕಡಿದರೆ ಕೂಡಿಸಲಾಗದು. ಯಾರೋ ಮೊದಲೇ ತೆರೆದಿದ್ದಾರೆಂದು ಹೇಳುವ ಚಾಡಿಕೋರ ಪಟ್ಟಿ ಅದು.

ಬಾಟಲಿಯವರ ಭಾಷೆಯಲ್ಲಿ ಈ ಬಾಯಿ, ಕೊರಳಿನ ಭಾಗಕ್ಕೆ 'ಫಿನಿಶ್' ಎಂಬ ಹೆಸರು. ಕೈಯಿಂದ ಊದುವ ಕಾಲದಲ್ಲಿ ಬಾಯಿಯನ್ನು ಕಟ್ಟಕಡೆಗೆ ಮಾಡಿ ಮುಗಿಸುತ್ತಿದ್ದರು, ಅದಕ್ಕೆ ಆ ಹೆಸರು. ಯಂತ್ರದಲ್ಲಿ ಈಗ ಮೊದಲು ಮೂಡುವುದೇ ಬಾಯಿ. ಹೆಸರು ಮಾತ್ರ ಬದಲಾಗಲಿಲ್ಲ. ಬಾಟಲಿ ಕೊಳ್ಳುವಾಗ ನಾನೀಗ ಮೊದಲು ನೋಡುವುದು ಅದನ್ನೇ. ಚಂದ, ಆಕಾರ ಆಮೇಲೆ.

ಹೊಸ ಲಾಟು ಬಂದ ದಿನ ಐದು ಬಾಟಲಿ ತೆಗೆದು ಅಂಚಿಗೆ ಕಾಡಿಗೆ ಸವರುತ್ತೇನೆ. ಆ ಐದು ಮುಚ್ಚಳ ಮಾರಾಟಕ್ಕಿಲ್ಲ, ಕಾಡಿಗೆ ತೊಳೆದು ಉಪ್ಪು, ಸಾಸಿವೆ ಡಬ್ಬಿಗೆ ಹಾಕುತ್ತೇನೆ. ಕಳೆದ ವಾರ ಹೀಗೆ ಕೂತಿದ್ದಾಗ ಅತ್ತೆ ಕೋಲೂರಿಕೊಂಡು ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ, "ಎಂತದೇ ಇದು, ಬಾಟಲಿಗೂ ದೃಷ್ಟಿ ಬೊಟ್ಟಾ?" ಎಂದರು.

ಒಂದು ಮುಚ್ಚಳ ಅವರ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು, ಉಂಗುರದ ಗುಂಟ ಬೆರಳಾಡಿಸಿ, ಶುರುವಾದಲ್ಲಿಗೇ ಬಂದು ನಿಲ್ಲಿಸಿದರು. ಎಲ್ಲೂ ಕಡಿದಿರಲಿಲ್ಲ. ಬೆರಳಿಗೆ ಹತ್ತಿದ ಕಾಡಿಗೆಯನ್ನು ಸೆರಗಿಗೆ ಒರೆಸಿಕೊಂಡು, ಭರಣಿಗೆ ದಾರ ಕಟ್ಟಲು ಒಳಗೆ ಹೋದರು.