ತತ್ತ್ವದ ಸಭೆಗೆ ಅಂಕೋಲೆಯ ಪ್ರಶ್ನೆ

ಭಾರತೀಯ ತತ್ತ್ವಶಾಸ್ತ್ರ ಕಾಂಗ್ರೆಸ್ಸಿನ ಮೊದಲ ಅಧಿವೇಶನ 1925ರ ಡಿಸೆಂಬರಿನಲ್ಲಿ ಕಲ್ಕತ್ತಾದಲ್ಲಿ ನಡೆಯಿತು. ಸೇರಿದವರಲ್ಲಿ ಹೆಚ್ಚಿನವರು ಪ್ರಾಧ್ಯಾಪಕರು, ಅಧ್ಯಕ್ಷರು ಮಾತ್ರ ಕವಿ: ರವೀಂದ್ರನಾಥ ಟ್ಯಾಗೋರ್. ಸಂಘಟಕರಲ್ಲಿ ಪ್ರಮುಖರಾಗಿದ್ದ ರಾಧಾಕೃಷ್ಣನ್ ಅದಕ್ಕೆ ಮೊದಲು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು. ಟ್ಯಾಗೋರರ ತತ್ತ್ವದ ಮೇಲೆ 1918ರಲ್ಲೇ ಪುಸ್ತಕ ಬರೆದಿದ್ದರು. ಅಂಥ ಸಭೆಯಲ್ಲಿ ಟ್ಯಾಗೋರರು ಬಂಗಾಳದ ಬಾವುಲ್ ಹಾಡುಗಾರರನ್ನೂ ಹಾಸನ್ ರಾಜಾನಂಥ ಜನಪದ ಕವಿಯನ್ನೂ ತತ್ತ್ವಜ್ಞಾನಿಗಳ ಸಾಲಿಗೆ ತಂದು ಕೂರಿಸಿದರು.

ಈ ಧೈರ್ಯದ ಬೇರನ್ನು ಹುಡುಕಿ ಹೊರಟರೆ ಕಾರವಾರಕ್ಕೆ ಬರಬೇಕಾಗುತ್ತದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತರ ಆಚೀಚಿನ ರವೀಂದ್ರರು ಅವರ ಮನೆಯಲ್ಲಿದ್ದು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಸಂಸಾರದ ಬಂಧ ಕಿತ್ತೆಸೆದೆನೆಂದು ಬೀಗುವ ಸನ್ಯಾಸಿಯ ಬಳಿ, ಊರವರು ಮುಟ್ಟದೆ ದೂರವಿಟ್ಟ ಅನಾಥ ಹುಡುಗಿಯೊಬ್ಬಳು ಆಸರೆ ಕೇಳಿ ಬರುತ್ತಾಳೆ. ಅವನು ಅವಳನ್ನು ತೊರೆದು ಹೋಗುತ್ತಾನೆ. ಮನಸ್ಸು ತಿರುಗಿ ಮರಳುವಷ್ಟರಲ್ಲಿ ಅವಳು ಸತ್ತಿರುತ್ತಾಳೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಈ ನಾಟಕವೇ ಪೀಠಿಕೆ ಎಂದು ಟ್ಯಾಗೋರರು ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಒಬ್ಬನ ಮುಕ್ತಿ ದೊಡ್ಡದೋ, ಬಾಗಿಲಿಗೆ ಬಂದವಳ ಹೊಣೆ ದೊಡ್ಡದೋ ಎಂಬುದು ಅಪ್ಪಟ ಸಾಮಾಜಿಕ ತತ್ತ್ವಶಾಸ್ತ್ರದ ಪ್ರಶ್ನೆ.

ಹೆಸರು ಭಾರವೆನಿಸಿದರೂ ಈ ಶಾಸ್ತ್ರದ ಕೆಲಸ ಸರಳ. ಒಂದು ಯೋಜನೆಗಾಗಿ ಎಷ್ಟು ಮನೆಗಳು ಎದ್ದುಹೋದವು ಎಂದು ಸಮಾಜಶಾಸ್ತ್ರಜ್ಞ ಲೆಕ್ಕ ಹಾಕುತ್ತಾನೆ. ಹಾಗೆ ಎಬ್ಬಿಸಿದ್ದು ನ್ಯಾಯವೇ, ನ್ಯಾಯವೆಂದರೆ ಯಾವ ಅಳತೆಯಲ್ಲಿ ಎಂದು ತತ್ತ್ವಶಾಸ್ತ್ರಜ್ಞ ಕೇಳುತ್ತಾನೆ. ಉತ್ತರವನ್ನು ತನ್ನಂತೆ ಓದಿಕೊಂಡವರ ಎದುರು ಇಟ್ಟು, ಅವರು ಅಲ್ಲಾಡಿಸಿದರೂ ನಿಲ್ಲುತ್ತದೆಯೇ ಎಂದು ನೋಡುವ ಜಾಗವೇ ವಿಚಾರ ಸಂಕಿರಣ. ನಮ್ಮ ಕಾಲೇಜುಗಳ ಮಾತಿನಲ್ಲಿ, ‘ಪೇಪರ್ ಓದುವುದು’.

ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಕೆಲವು ತಿಂಗಳು ಮೊದಲೇ ಪ್ರಬಂಧಗಳಿಗೆ ಆಹ್ವಾನ ಬರುತ್ತದೆ. ಇನ್ನೂರು ಮುನ್ನೂರು ಪದಗಳ ಸಾರಾಂಶ ಕಳಿಸಬೇಕು. ಒಪ್ಪಿಗೆಯಾದರೆ ವೇದಿಕೆಯ ಮೇಲೆ ಹದಿನೈದೋ ಇಪ್ಪತ್ತೋ ನಿಮಿಷ, ಆಮೇಲೆ ಪ್ರಶ್ನೆಗಳು. ಹೊಸಬರು ಎಡವುವುದು ಇಲ್ಲೇ. ಮೂವತ್ತು ಪುಟ ಬರೆದು ತಂದು, ಪೀಠಿಕೆಯಲ್ಲೇ ಹದಿನೆಂಟು ನಿಮಿಷ ಕಳೆದು, ಗೋಷ್ಠಿಯ ಅಧ್ಯಕ್ಷರು ಚೀಟಿ ಕಳಿಸಿದ ಮೇಲೆ ತೀರ್ಮಾನದ ಕಡೆ ಓಡುತ್ತಾರೆ. ಇಪ್ಪತ್ತು ನಿಮಿಷಕ್ಕೆ ಒಂದೇ ವಾದ ಸಾಕು: ನನ್ನ ಮಾತು ಇದು, ಕಾರಣ ಇದು, ಇದಕ್ಕೆ ಬರಬಹುದಾದ ಆಕ್ಷೇಪ ಇದು, ಅದಕ್ಕೆ ನನ್ನ ಉತ್ತರ ಇದು.

ಪ್ರಶ್ನೋತ್ತರಕ್ಕೆ ಹೆದರುವವರು ಜಾನ್ ರಾಲ್ಸ್‌ರನ್ನು ನೆನೆಯಬಹುದು. ಈ ಅಮೆರಿಕನ್ ಚಿಂತಕರು ನ್ಯಾಯದ ತಿರುಳು ನಿಷ್ಪಕ್ಷಪಾತತೆ ಎಂಬ ವಾದವನ್ನು 1957ರ ಡಿಸೆಂಬರಿನಲ್ಲಿ ಅಲ್ಲಿನ ತತ್ತ್ವಶಾಸ್ತ್ರ ಸಂಘದ ಗೋಷ್ಠಿಯಲ್ಲಿ ಮಂಡಿಸಿದರು. ಅದು ಬೆಳೆದು ‘ಎ ಥಿಯರಿ ಆಫ್ ಜಸ್ಟೀಸ್’ ಪುಸ್ತಕವಾದದ್ದು 1971ರಲ್ಲಿ. ನಡುವಿನ ಹದಿನಾಲ್ಕು ವರ್ಷ ಅವರು ಆಕ್ಷೇಪಗಳನ್ನು ಕೇಳುತ್ತ, ತಿದ್ದುತ್ತ ಹೋದರು. ನಮ್ಮಲ್ಲಿ ಪೇಪರ್ ಓದಿದ ಸಂಜೆಯೇ ಪ್ರಮಾಣಪತ್ರ ಕೈಸೇರುತ್ತದೆ, ಐಎಸ್‌ಬಿಎನ್ ಹೊತ್ತ ಸಂಪುಟ ಉದ್ಘಾಟನೆಯ ವೇಳೆಗೇ ಅಚ್ಚಾಗಿರುತ್ತದೆ. ಚರ್ಚೆಗೆ ಮೊದಲೇ ಅಚ್ಚಾದ ಪ್ರಬಂಧವನ್ನು ಯಾವ ಪ್ರಶ್ನೆ ತಾನೇ ತಿದ್ದೀತು?

ವಿಷಯಕ್ಕಂತೂ ಕಾರವಾರ–ಅಂಕೋಲೆಯ ಈ ಕರಾವಳಿಯಲ್ಲಿ ಬರವಿಲ್ಲ. ಅಂಕೋಲೆಯ ದಿನಕರ ದೇಸಾಯಿಯವರನ್ನು (1909–1982) ಕನ್ನಡಿಗರು ಚುಟುಕು ಬ್ರಹ್ಮ ಎಂದು ಬಲ್ಲರು. ಅವರು ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜದ ಸದಸ್ಯರು. ಮುಂಬಯಿಯಲ್ಲಿ ಹಡಗು ಕಾರ್ಮಿಕರ ನಡುವೆ ದುಡಿದು, 1940ರಲ್ಲಿ ಆ ಕಾರ್ಮಿಕರ ಸ್ಥಿತಿಗತಿಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಊರಿನಲ್ಲಿ ಗೇಣಿ ರೈತರನ್ನು ಸಂಘಟಿಸಿದ್ದಕ್ಕೆ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಹೈಸ್ಕೂಲು ತಂದರು. ಅಂಕೋಲೆಯ ಕಾಲೇಜಿಗೆ ಗೋಖಲೆ ಶತಮಾನೋತ್ಸವದ ಹೆಸರಿಟ್ಟರು. 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಗೆದ್ದರು.

ಇದನ್ನೇ ಕಾಲಾನುಕ್ರಮವಾಗಿ ಓದಿದರೆ ಅಭಿನಂದನಾ ಭಾಷಣವಾಗುತ್ತದೆ, ಪ್ರಬಂಧವಾಗುವುದಿಲ್ಲ. ಪ್ರಬಂಧಕ್ಕೆ ಒಳಗಿನ ತೊಡಕು ಬೇಕು. ಸೇವೆ ಎಂದರೆ ಉಳ್ಳವನು ಇಲ್ಲದವನಿಗೆ ಮಾಡುವುದು. ಗೇಣಿದಾರ ಕೇಳಿದ್ದು ಸೇವೆಯನ್ನಲ್ಲ, ಹಕ್ಕನ್ನು. ಸೇವಕ ಸಮಾಜದ ವ್ರತ ತೊಟ್ಟವರು ರೈತ ಹೋರಾಟದ ಮುಂದಾಳೂ ಆದಾಗ ಈ ಎರಡೂ ಒಂದೇ ಬದುಕಿನಲ್ಲಿ ಹೇಗೆ ಕೂಡಿದವು? ಹೋರಾಟವಾದ ಮೇಲೆ ಶಾಲೆ ಕಟ್ಟಿದ್ದು ಹಿಂದೆ ಸರಿದದ್ದೋ, ಹಕ್ಕು ಕೇಳಬಲ್ಲವರನ್ನು ಬೆಳೆಸುವ ಇನ್ನೊಂದು ದಾರಿಯೋ? ಎರಡನೆಯದನ್ನು ಸಮರ್ಥಿಸುವುದು ಸಾಧ್ಯ. ಮೊದಲನೆಯದನ್ನು ಹಿಡಿದು ಎದ್ದು ನಿಲ್ಲುವ ಒಬ್ಬರಾದರೂ ಸಭೆಯಲ್ಲಿರುತ್ತಾರೆ, ಇರಬೇಕು ಕೂಡ.

ಇನ್ನೊಂದು ಪ್ರಶ್ನೆ ಇನ್ನೂ ಹಸಿಯಾಗಿದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಅದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ ಹಳ್ಳಿಗಳು ಎದ್ದುಹೋದವು. ಅಸಮಾನತೆ ಸಲ್ಲಬೇಕಾದರೆ ಅದರಿಂದ ತೀರಾ ಹಿಂದುಳಿದವರಿಗೂ ಒಳಿತಾಗಬೇಕು ಎಂದು ರಾಲ್ಸ್ ವಾದಿಸಿದರು. ದೇಶಕ್ಕೆಲ್ಲ ರಕ್ಷಣೆ, ಮೀನುಗಾರನಿಗೆ ಕಡಲಿನಿಂದ ದೂರದ ಒಂದು ನಿವೇಶನ ಎಂಬ ಹಂಚಿಕೆಗೆ ಈ ಅಳತೆ ಹಿಡಿದರೆ ಏನು ಕಂಡೀತು? ದೋಣಿ ಎಳೆದು ನಿಲ್ಲಿಸುವ ದಂಡೆಗೆ ಪರಿಹಾರದ ದರ ಗೊತ್ತುಮಾಡುವುದು ಹೇಗೆ? ಇವಕ್ಕೆ ಉತ್ತರ ಹುಡುಕುವವರು ಗ್ರಂಥಾಲಯದ ಜೊತೆಗೆ ಪುನರ್ವಸತಿ ಕೇರಿಗೂ ಹೋಗಬೇಕು. ಅಲ್ಲಿ ಕೇಳಿದ್ದನ್ನು ಹೆಸರು ಮರೆಮಾಚಿ, ಹೇಳಿದವರ ಒಪ್ಪಿಗೆ ಪಡೆದು ಬಳಸಬೇಕು.

ಮುಂದಿನ ಸಂಕಿರಣದ ಕರೆಪತ್ರ ನೋಟೀಸು ಬೋರ್ಡಿಗೆ ಬಂದಾಗ, ಕಾರವಾರ–ಅಂಕೋಲೆಯ ವಿದ್ಯಾರ್ಥಿಗಳು ‘ಜಾಗತೀಕರಣ ಮತ್ತು ಮೌಲ್ಯಗಳು’ ಎಂಬಂಥ ಸವೆದ ಶೀರ್ಷಿಕೆ ಬಿಟ್ಟು ಇಂಥದೊಂದು ಪ್ರಶ್ನೆಯನ್ನು ಸಾರಾಂಶವಾಗಿ ಕಳಿಸಲಿ. ಹೋಗುವ ಮೊದಲು ಗೆಳೆಯರೆದುರು ಗಡಿಯಾರ ಇಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಲಿ.