ಫುಟ್‌ಬಾಲ್ ನಿಯಮ ಹುಟ್ಟಿದ ಮನೆ ಎಲ್ಲಿದೆ?

ಫುಟ್‌ಬಾಲ್ ನಿಯಮಗಳು ಹುಟ್ಟಿದ್ದು ಮೈದಾನದಲ್ಲಲ್ಲ, ಲಂಡನ್ನಿನ ಒಂದು ಪಬ್‌ನಲ್ಲಿ. ತರಗತಿಯಲ್ಲಿ ಒಮ್ಮೆ ಈ ಮಾತು ಹೇಳಿದಾಗ ಮಕ್ಕಳು ಗೊಳ್ಳೆಂದು ನಕ್ಕರು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ನಗದೆ, “ಸಾರ್, ಆ ಪಬ್ ಈಗಲೂ ಇದೆಯಾ?” ಎಂದು ಕೇಳಿದ. “ಇದೆ, ಲಾಂಗ್ ಏಕರ್ ಎಂಬ ಬೀದಿಯಲ್ಲಿದೆ” ಎಂದುಬಿಟ್ಟೆ. ಎಲ್ಲೋ ಓದಿದ ನೆನಪು. ಮನೆಗೆ ಬಂದು ಪುಸ್ತಕಗಳನ್ನು ತಿರುವಿ ನೋಡಿದಾಗ ನಾನು ಹೇಳಿದ್ದು ತಪ್ಪೆಂದು ತಿಳಿಯಿತು. ಆ ಕಟ್ಟಡ ನೆಲಸಮವಾಗಿ ನೂರು ವರ್ಷಗಳ ಮೇಲಾಗಿದೆ!

ತಪ್ಪು ಆದದ್ದು ಹೇಗೆ? ಲಾಂಗ್ ಏಕರ್‌ನಲ್ಲಿರುವ ಪಬ್‌ನ ಹೆಸರು ಫ್ರೀಮೇಸನ್ಸ್ ಆರ್ಮ್ಸ್. ಫುಟ್‌ಬಾಲ್ ಇತಿಹಾಸದಲ್ಲಿ ಬರುವುದು ಫ್ರೀಮೇಸನ್ಸ್ ಟ್ಯಾವರ್ನ್. ಅದು ಇದ್ದದ್ದು ಗ್ರೇಟ್ ಕ್ವೀನ್ ಸ್ಟ್ರೀಟ್‌ನಲ್ಲಿ. ಲಾಂಗ್ ಏಕರ್ ಬೀದಿಯೇ ಡ್ರೂರಿ ಲೇನ್ ದಾಟಿದ ಮೇಲೆ ಗ್ರೇಟ್ ಕ್ವೀನ್ ಸ್ಟ್ರೀಟ್ ಎನಿಸಿಕೊಳ್ಳುತ್ತದೆ. ಹೆಸರೂ ಹತ್ತಿರ, ಜಾಗವೂ ಹತ್ತಿರ. ಹೀಗಾಗಿ ಹೋದ ಮನೆಯ ಕೀರ್ತಿ ಇರುವ ಮನೆಗೆ ಅಂಟಿಕೊಂಡಿತು.

ಕಟ್ಟಡದ ಕಥೆ

ಫ್ರೀಮೇಸನ್ಸ್ ಎಂಬ ಸೋದರ ಸಂಘ 1774ರಲ್ಲಿ ಈ ಬೀದಿಯಲ್ಲಿ ಮನೆಯೊಂದನ್ನು ಕೊಂಡಿತು. ಹಿಂಬದಿಯಲ್ಲಿ ಥಾಮಸ್ ಸ್ಯಾಂಡ್‌ಬಿ ಎಂಬ ವಾಸ್ತುಶಿಲ್ಪಿಯ ವಿನ್ಯಾಸದ ದೊಡ್ಡ ಸಭಾಂಗಣ ಎದ್ದಿತು. ಅದರ ಉದ್ಘಾಟನೆ 1776ರಲ್ಲಿ. ಬೀದಿಯ ಕಡೆಗೆ ಟ್ಯಾವರ್ನ್ ಇತ್ತು.

ಪೋಷಕರು ಇಲ್ಲಿ ಹುಬ್ಬೇರಿಸಬಹುದು. ಆದರೆ ಅಂದಿನ ಲಂಡನ್ನಿನ ದೊಡ್ಡ ಟ್ಯಾವರ್ನ್ ಎಂದರೆ ಬರೀ ಕುಡಿಯುವ ಜಾಗವಲ್ಲ. ಊಟ ಬಡಿಸುತ್ತಿದ್ದರು, ಸಭೆಗೆ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಸ್ವಂತ ಕಟ್ಟಡವಿಲ್ಲದ ಹೊಸ ಸಂಘಗಳಿಗೆ ಇಂಥ ಕಡೆಯೇ ಆಸರೆ. ನಮ್ಮ ಊರುಗಳಲ್ಲಿ ಎಷ್ಟೋ ಸಂಘಗಳು ಹೋಟೆಲಿನ ಮೇಜಿನ ಸುತ್ತ ಹುಟ್ಟಿಲ್ಲವೇ?

ಮೇಜಿನ ಸುತ್ತ ವಿಜ್ಞಾನ

1807ರ ನವೆಂಬರ್ 13ರಂದು ಹದಿಮೂರು ಮಂದಿ ಸೇರಿ ಇಲ್ಲಿ ಜಿಯಲಾಜಿಕಲ್ ಸೊಸೈಟಿಯನ್ನು ಸ್ಥಾಪಿಸಿದರು. ಭೂವಿಜ್ಞಾನಕ್ಕೆಂದೇ ಹುಟ್ಟಿದ ಸಂಘಗಳಲ್ಲಿ ಜಗತ್ತಿನಲ್ಲೇ ಹಳೆಯದು ಇದು. ಆ ಹದಿಮೂರರಲ್ಲಿ ಒಬ್ಬ ಹಂಫ್ರಿ ಡೇವಿ. ರಸಾಯನಶಾಸ್ತ್ರದ ವಿದ್ಯಾರ್ಥಿಗಳೇ, ಈ ದಿನಾಂಕ ಗಮನಿಸಿ. ಡೇವಿ ಕರಗಿಸಿದ ಪೊಟ್ಯಾಷ್‌ನಲ್ಲಿ ವಿದ್ಯುತ್ ಹರಿಸಿ ಪೊಟ್ಯಾಸಿಯಂ ಲೋಹವನ್ನು ಬೇರ್ಪಡಿಸಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅದಾಗಿ ಆರು ವಾರವೂ ಕಳೆದಿರಲಿಲ್ಲ. ಇನ್ನೊಬ್ಬ ಸ್ಥಾಪಕ ಜೇಮ್ಸ್ ಪಾರ್ಕಿನ್‌ಸನ್. ಕೈಕಾಲು ನಡುಗುವ ಪಾರ್ಕಿನ್‌ಸನ್ ಕಾಯಿಲೆಗೆ ಹೆಸರು ಬಂದದ್ದು ಈ ವೈದ್ಯನಿಂದ.

1820ರ ಜನವರಿ 12ರಂದು ಅದೇ ಟ್ಯಾವರ್ನ್‌ನಲ್ಲಿ ಹದಿನಾಲ್ಕು ಮಂದಿ ಊಟಕ್ಕೆ ಕುಳಿತು ಖಗೋಳ ಸಂಘವೊಂದನ್ನು ಕಟ್ಟಲು ನಿಶ್ಚಯಿಸಿದರು. ಅದೇ ಇಂದಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ. ಗಣಕಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಅಲ್ಲಿದ್ದ, ಜಾನ್ ಹರ್ಷೆಲ್ ಇದ್ದ. ಭಾರತದಲ್ಲಿ ಅಧಿಕಾರಿಯಾಗಿದ್ದು ಸಂಸ್ಕೃತ ಕಲಿತ ಹೆನ್ರಿ ಕೋಲ್‌ಬ್ರೂಕ್ ಸಹ ಇದ್ದ. ಭಾಸ್ಕರಾಚಾರ್ಯನ ಲೀಲಾವತಿಯ ಇಂಗ್ಲಿಷ್ ಅನುವಾದವನ್ನು ಆತ 1817ರಲ್ಲಿ ಪ್ರಕಟಿಸಿದ್ದ. ಮುಂದೆ 1953ರಲ್ಲಿ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ ಚಿನ್ನದ ಪದಕ ಕೊಟ್ಟದ್ದು ಇದೇ ಸಂಸ್ಥೆ.

ಒದೆಯಬಹುದೇ, ಹಿಡಿಯಬಹುದೇ?

ಈಗ ಫುಟ್‌ಬಾಲಿಗೆ ಬರೋಣ. ಆಗ ಇಂಗ್ಲೆಂಡಿನಲ್ಲಿ ಒಂದೊಂದು ಶಾಲೆಗೂ ಒಂದೊಂದು ನಿಯಮ. ಎರಡು ಕಡೆಯವರು ಆಡಬೇಕೆಂದರೆ ಮೊದಲು ಜಗಳವೇ ಆಗುತ್ತಿತ್ತು. ಎಬೆನೀಜರ್ ಕಾಬ್ ಮಾರ್ಲಿ ಎಂಬ ವಕೀಲನ ಮುಂದಾಳತ್ವದಲ್ಲಿ ಲಂಡನ್ ಸುತ್ತಲಿನ ಕ್ಲಬ್ಬುಗಳ ಪ್ರತಿನಿಧಿಗಳು 1863ರ ಅಕ್ಟೋಬರ್ 26ರಂದು ಇದೇ ಟ್ಯಾವರ್ನ್‌ನಲ್ಲಿ ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿಸಿದರು.

ಆದರೆ ನಿಯಮ ಒಂದೇ ದಿನದಲ್ಲಿ ಸಿದ್ಧವಾಗಲಿಲ್ಲ. ಡಿಸೆಂಬರ್ 8ರವರೆಗೆ ಆರು ಸಭೆಗಳು ನಡೆದವು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದೇ? ಎದುರಾಳಿಯನ್ನು ಮೊಣಕಾಲಿನ ಕೆಳಗೆ ಒದೆಯಬಹುದೇ? ಎರಡಕ್ಕೂ ‘ಕೂಡದು’ ಎಂಬ ಪಕ್ಷ ಗೆದ್ದಿತು. ಒದೆತವಿಲ್ಲದ ಆಟ ಗಂಡಸರ ಆಟವಲ್ಲ ಎಂದು ವಾದಿಸಿದ ಬ್ಲ್ಯಾಕ್‌ಹೀತ್ ಕ್ಲಬ್ ಹೊರನಡೆಯಿತು. 1871ರಲ್ಲಿ ರಗ್ಬಿ ಆಟಕ್ಕೆ ಬೇರೆಯದೇ ಸಂಘ ಹುಟ್ಟಿತು. ಉಳಿದವರು ಒಪ್ಪಿದ ಹದಿಮೂರು ನಿಯಮಗಳೇ ಇಂದಿನ ಫುಟ್‌ಬಾಲಿನ ಬುನಾದಿ. ಅವುಗಳ ಪ್ರಕಾರ ಡಿಸೆಂಬರ್ 19ರಂದು ಬಾರ್ನ್ಸ್ ಮತ್ತು ರಿಚ್ಮಂಡ್ ತಂಡಗಳು ಆಡಿದವು. ಒಂದೂ ಗೋಲು ಬರಲಿಲ್ಲ!

ವಿಳಾಸ ಹೇಳಿದ ಸತ್ಯ

ಇಷ್ಟೆಲ್ಲ ಕಂಡ ಟ್ಯಾವರ್ನನ್ನು 1909ರಲ್ಲಿ ಕೆಡವಿದರು. ಆ ಜಾಗದಲ್ಲಿ ಕನಾಟ್ ರೂಮ್ಸ್ ಎಂಬ ಔತಣಕೂಟದ ಕಟ್ಟಡ ಬಂತು. ಕಟ್ಟಡ ಹೋಯಿತು, ಆದರೆ ಅಲ್ಲಿ ಕುಳಿತು ಬರೆದದ್ದು ಹೋಗಲಿಲ್ಲ. ಹಳೆಯ ದಾಖಲೆಗಳಲ್ಲಿ ಟ್ಯಾವರ್ನ್ ಹೆಸರಿನ ಜೊತೆಗೆ ಬೀದಿಯ ಹೆಸರೂ ಇದ್ದುದರಿಂದಲೇ ನನ್ನ ತಪ್ಪು ಸಿಕ್ಕಿಬಿದ್ದಿತು. ಪ್ರಯೋಗಾಲಯದಲ್ಲಿ ಸೀಸೆಯ ಚೀಟಿ ನೋಡಿ ನಂಬಬೇಡಿ, ಒಳಗಿರುವುದನ್ನು ಪರೀಕ್ಷಿಸಿ ಎಂದು ಮಕ್ಕಳಿಗೆ ಹೇಳುವ ನಾನೇ ಹೆಸರಿನ ಚೀಟಿ ನಂಬಿ ಎಡವಿದ್ದೆ.

ಮರುದಿನ ಅದೇ ತರಗತಿಯಲ್ಲಿ ತಪ್ಪು ಒಪ್ಪಿಕೊಂಡೆ. ಆ ಹುಡುಗ ಎದ್ದು ನಿಂತು, “ಸಾರ್, ನಮ್ಮೂರಲ್ಲಿ ಹೀಗೆ ಕೆಡವಿದ ಮನೆ ಯಾವುದು?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ, ಈ ಸಲ ಊಹಿಸಿ ಹೇಳಲೂ ಇಲ್ಲ. ನಿಮ್ಮ ಊರಿನಲ್ಲೂ ಹಳೆಯ ಛತ್ರವೋ, ಟೆಂಟ್ ಸಿನಿಮಾವೋ, ಹೋಟೆಲೋ ಮಾಯವಾಗಿರಬಹುದು. ಮಕ್ಕಳೇ, ಅಜ್ಜ ಅಜ್ಜಿಯರನ್ನು ಕೇಳಿ. ಅವರು ಹೇಳಿದ್ದನ್ನು ಹಳೆಯ ಫೋಟೊ, ಲಗ್ನಪತ್ರಿಕೆ, ಕಂದಾಯದ ರಸೀದಿಗಳ ಜೊತೆ ಹೋಲಿಸಿ ನೋಡಿ. ಪೋಷಕರೇ, ಹಳೆಯ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಮಕ್ಕಳ ಕೈಗೆ ಕೊಡಿ.