ಚರ್ಚಾ ವೇದಿಕೆಯಲ್ಲಿ ಎಲ್ಲ ಮಕ್ಕಳಿಗೂ ಜಾಗ

ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಗೆಲ್ಲಲು ಒಳ್ಳೆಯ ವಾದವೊಂದೇ ಸಾಲದು. ಚೀಟಿಯಲ್ಲಿರುವ ವಿಷಯ ಓದುವ ಕಣ್ಣು, ಪುಸ್ತಕದ ಕನ್ನಡ, ನಾಲ್ಕು ಜನರ ಮುಂದೆ ಮಾತಾಡಿದ ರೂಢಿ ಇವೂ ಬೇಕು. ಶಾಲಾ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಸ್ಪರ್ಧೆ ಕ್ಲಸ್ಟರ್‌ನಿಂದ ತಾಲ್ಲೂಕು, ಜಿಲ್ಲೆ ದಾಟಿ ರಾಜ್ಯ ಮಟ್ಟಕ್ಕೆ ಹೋಗುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯ, ಕಣ್ಣು ಕಾಣದ ಮಗು ಮೊದಲ ಸುತ್ತಿನಲ್ಲೇ ಉಳಿದುಹೋದರೆ ಅದರ ವಾದ ಸೋತಿತೆಂದು ಹೇಳಲಾಗದು.

ಬ್ರೈಲ್ ಟಿಪ್ಪಣಿ ನಿಧಾನದ ಕೆಲಸ. ಸ್ಲೇಟಿಗೆ ದಪ್ಪ ಕಾಗದ ಸಿಕ್ಕಿಸಿ, ಸ್ಟೈಲಸ್ ಮೊನೆಯಿಂದ ಬಲದಿಂದ ಎಡಕ್ಕೆ ಒಂದೊಂದೇ ಚುಕ್ಕೆ ಒತ್ತಬೇಕು. ಹಾಳೆ ಮಗುಚಿದಾಗ ಉಬ್ಬಿದ ಚುಕ್ಕೆಗಳು ಎಡದಿಂದ ಬಲಕ್ಕೆ ಬೆರಳಿಗೆ ಸಿಗುತ್ತವೆ. ಹಾಗಾಗಿ ವಿಷಯವನ್ನು ಗಟ್ಟಿಯಾಗಿ ಓದಿ ಹೇಳುವುದು, ತಯಾರಿಗೆ ಹೆಚ್ಚು ಹೊತ್ತು ಕೊಡುವುದು ನ್ಯಾಯ. ಹಾಳೆ ಇಡಲು ಮೇಜೊಂದಿದ್ದರೆ ಸಾಕು, ಬೆರಳು ಸಾಲಿನ ಮೇಲೆ ಹರಿಯುತ್ತಿರುವಾಗಲೇ ಮುಖ ಸಭೆಯತ್ತ ಇರುತ್ತದೆ. ತಲೆ ಬಗ್ಗಿಸಿ ಓದುವ ಮಕ್ಕಳಿಗೆ ಈ ಅನುಕೂಲವಿಲ್ಲ.

ಉಳಿದವು ಸಣ್ಣ ಸಂಗತಿಗಳು. ಮೈಕಿನ ಕಂಬ, ವೇದಿಕೆಯ ಅಂಚು, ಮೆಟ್ಟಿಲುಗಳನ್ನು ಮೊದಲೇ ಮುಟ್ಟಿಸಿ ತೋರಿಸಬೇಕು. ಸಮಯ ಮುಗಿಯುತ್ತಿದೆ ಎಂದು ತಿಳಿಸಲು ಕೈಸನ್ನೆಯ ಬದಲು ಗಂಟೆ ಬಾರಿಸಬೇಕು. ಹಾವಭಾವಕ್ಕೆ ಅಂಕವಿದ್ದರೆ ಅದನ್ನು ದನಿಯ ಏರಿಳಿತದಲ್ಲಿ ಅಳೆಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಗುವಿನ ಅಗತ್ಯಕ್ಕೆ ತಕ್ಕ ಇಂಥ ಅನುಕೂಲಗಳನ್ನು ಶಾಲೆಯ ಹೊಣೆಯಾಗಿಸಿದೆ.

ಈ ತಾಲ್ಲೂಕಿನಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು. ಶಾಲೆಗೆ ಬಂದ ಮೇಲೆ ಕನ್ನಡ. ಭಾರತೀಯ ಭಾಷೆಗಳ ಬ್ರೈಲ್ ಲಿಪಿಯಾದ ಭಾರತಿ ಬ್ರೈಲ್‌ನಲ್ಲಿ ಎರಡೂ ಭಾಷೆಯ ‘ಕ’ ಒಂದೇ ಚುಕ್ಕೆಗಳ ಅಕ್ಷರ. ಬೆರಳಿಗೆ ಲಿಪಿಭೇದವೇ ಇಲ್ಲ. ತಡೆ ಇರುವುದು ನಾಲಿಗೆಯ ಅಂಜಿಕೆಯಲ್ಲಿ. ಮೊದಲು ಮನೆಮಾತಿನಲ್ಲಿ ವಾದ ಹೂಡಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಿಸಿದರೆ ಮಾತು ಬಿಚ್ಚಿಕೊಳ್ಳುತ್ತದೆ. ಉಚ್ಚಾರಣೆಯ ಎಳೆತಕ್ಕೆ ಅಂಕ ಕಳೆಯುವ ತೀರ್ಪುಗಾರರು ಮಗುವಿನ ಬಾಯಿ ಮುಚ್ಚಿಸುತ್ತಾರೆ.

ಜಾತಿಯ ಸಂಕೋಚ ಇನ್ನೂ ಆಳದ್ದು. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಸುಮಾರು ಶೇ 30 ಜನ ಪರಿಶಿಷ್ಟ ಜಾತಿಯವರು. ಈ ಸಂಕೋಚ ಕಳೆಯುವ ದಾರಿ ಹಾಡು, ನಾಟಕ. ಕೋಲಾರದ ಬಳಿ ತೇರಹಳ್ಳಿ ಬೆಟ್ಟದಲ್ಲಿ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಸಂಗಾತಿಗಳು ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರ ‘ಹುಣ್ಣಿಮೆ ಹಾಡು’ ಕಾರ್ಯಕ್ರಮದಿಂದ, ಮಕ್ಕಳ ರಂಗಶಿಬಿರಗಳಿಂದ ಹೆಸರಾಗಿದೆ. ಹಾಡಿ, ಆಡಿ, ಕೇಳಿಸಿಕೊಂಡ ಮಗುವಿಗೆ ಮೈಕ್ ಹೊಸದೆನಿಸದು.

ಶಾಲೆಯಲ್ಲಿ ಮಾತಿನ ಈ ರೂಢಿಗೆ ಬೆಳಗಿನ ಪ್ರಾರ್ಥನೆಯ ಹೊತ್ತಿಗಿಂತ ಒಳ್ಳೆಯ ಗರಡಿ ಇಲ್ಲ. ದಿನಪತ್ರಿಕೆ ಓದುವ ಸರದಿ ಸಾಮಾನ್ಯವಾಗಿ ‘ಚೆನ್ನಾಗಿ ಓದುವ’ ಒಬ್ಬಿಬ್ಬರ ಪಾಲಾಗುತ್ತದೆ. ಅದು ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರಿಗೂ ಬರಬೇಕು. ಕಣ್ಣು ಕಾಣದ ವಿದ್ಯಾರ್ಥಿ ಫೋನಿನ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್‌ನಲ್ಲಿ ಸುದ್ದಿ ಕೇಳಿಸಿಕೊಂಡು, ತನ್ನದೇ ಮಾತಿನಲ್ಲಿ ಹೇಳಬಹುದು.